ನನ್ನಲ್ಲಿ ನಿಂತುಹೋದ ಹಾಡು

ಹುಟ್ಟಾ ಮಾತು ಬಾರದವರನ್ನು ಕಂಡು ಜನ ಅಯ್ಯೋ ಪಾಪ ಎನ್ನುತ್ತಾರೆ. ಮಾತು ಕಲಿತು ಮೂಕರಾದವರಿಗೆ ಆ ಭಾಗ್ಯವೂ ಇಲ್ಲ. ನಾನು ಎರಡನೆಯ ಜಾತಿಯವಳು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಗೆದ್ದ ಈ ಬಾಯಿ, ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ನಮ್ಮ ಅಡುಗೆಯವಳಿಗೆ ಹೇಳಲೂ ಹೆದರುತ್ತದೆ.

ನಾನು ಹುಡುಗಿಯಾಗಿದ್ದಾಗ, ನಂಜನಗೂಡಿನ ಕಡೆಯಿಂದ ಘಟ್ಟ ಹತ್ತಿ ಬಂದ ಚೆನ್ನಮ್ಮ ಕೂನೂರಿನ ಟೀ ಫ್ಯಾಕ್ಟರಿಯ ಪಕ್ಕದಲ್ಲಿ ಮುದ್ದೆ ಮಾರುತ್ತಿದ್ದಳು. ಅಕ್ಷರ ಬಾರದು, ಬಾಯಿ ತೆರೆದರೆ ಪದ. ಭಾನುವಾರ ಮಧ್ಯಾಹ್ನ ಅವಳ ಗುಡಿಸಲಿಗೆ ನೀಲಗಿರಿ ಬೆಟ್ಟದವರೇ ಆದ ಬಡಗರು, ಎಲೆ ಕೀಳುವ ತಮಿಳು ಹೆಂಗಸರು, ಗೂಡಲೂರಿನ ಮಲಯಾಳಿ ಗಾಡಿಯವರು, ಅಂದರೆ ಬೇರೆ ದಿನ ಒಬ್ಬರ ಕೈ ನೀರು ಒಬ್ಬರು ಮುಟ್ಟದವರು, ಬಂದು ಕೂರುತ್ತಿದ್ದರು. ಅವಳು ಹಾಡಿನ ಮೊದಲ ಸಾಲು ಕಟ್ಟುವಳು. ಉಳಿದವರು ಸರದಿಯಂತೆ ತಮ್ಮ ತಮ್ಮ ಭಾಷೆಯಲ್ಲಿ ಒಂದೊಂದು ಸಾಲು ಸೇರಿಸಬೇಕು. ಯಾರನ್ನೂ ದಾಟಿ ಹೋಗುವಂತಿಲ್ಲ. "ದಾಟಿದ್ರೆ ಅವ್ರು ನಮ್ಮೋರಲ್ಲ ಅಂದಂಗಾಯ್ತದೆ" ಎನ್ನುತ್ತಿದ್ದಳು.

ಒಂದು ಭಾನುವಾರ ಬೂಟು ಹಾಕಿಕೊಂಡು ನಾನೂ ಹೋದೆ. "ಮಂಜು ಬಂದು ಮನೆಗಳ ಮುಚ್ಚಿತು, ಯಾರು ಯಾರ ಮನೆಯೋರು" ಎಂದು ಅವಳು ಎತ್ತಿದಳು. ನನ್ನ ಸರದಿ ಬಂತು. ಎದ್ದು ಮೊಣಕಾಲು ಬಾಗಿಸಿ ಕರ್ಟ್ಸಿ ಮಾಡಿ, ಎದೆಯ ಮೇಲೆ ಕೈಯಿಟ್ಟು, ಸಿಸ್ಟರ್ ಕಲಿಸಿದ ಇಂಗ್ಲಿಷ್ ಪದ್ಯ ಒಪ್ಪಿಸಿದೆ.

ಬಡಗರ ಮುದುಕನೊಬ್ಬ ಗಾಬರಿಯಿಂದ ಕೇಳಿದ: "ಅವ್ವೆ, ಈ ಹೆಣ್ಣು ಎನ್ನ ಬೈದಳಾ?"

ಎಲ್ಲರೂ ನಕ್ಕರು. ಚೆನ್ನಮ್ಮ ನಗಲಿಲ್ಲ. "ಅದು ಬ್ಯಾರೆಯೋರ್ದು ಕಣವ್ವಾ. ನಿಂದು ಒಂದು ಕೊಡು. ಕಾಯ್ತೀವಿ."

"ನೆಕ್ಸ್ಟ್ ಸಂಡೇ" ಎಂದು ಓಡಿಬಂದೆ. ಆ ಸಂಡೇ ನನಗೆ ತಲೆನೋವು. ಅದರ ಮುಂದಿನದಕ್ಕೆ ಹೊಟ್ಟೆನೋವು. ನಮ್ಮ ಹಾಲಿನವಳು ಸುದ್ದಿ ತರುತ್ತಿದ್ದಳು: ಹಾಡು ನಿನ್ನಲ್ಲೇ ನಿಂತಿದೆ, ಜನ ಸುಮ್ಮನೆ ಕೂತು ಮುದ್ದೆ ತಿಂದು ಹೋಗುತ್ತಾರೆ. ಹೊಸದು ಎತ್ತು ಎಂದರೆ ಚೆನ್ನಮ್ಮ, "ಒಲೆ ಮ್ಯಾಲೆ ಒಂದು ಮಡಕೆ ಇರುವಾಗ ಇನ್ನೊಂದ ಎಲ್ಲಿಡಾದು?" ಎಂದಳಂತೆ. ಆ ಮಳೆಗಾಲದ ಜ್ವರದಲ್ಲಿ ಅವಳು ಹೋದಳು. ಬಡಗರು ಹಟ್ಟಿಗೆ, ತಮಿಳರು ಎಸ್ಟೇಟಿನ ಲೈನ್ ಮನೆಗಳಿಗೆ, ಗಾಡಿಯವರು ಘಟ್ಟದ ದಾರಿಗೆ. ಮತ್ತೆ ಅವರು ಒಟ್ಟಿಗೆ ಕೂತದ್ದನ್ನು ನಾನು ಕಾಣಲಿಲ್ಲ.

ಇವತ್ತು ಊಟಕ್ಕೆ ಕೂತಾಗ ಕಿಟಕಿಯಾಚೆ ಮಂಜು ಇಳಿಯಿತು. ಇಷ್ಟು ವರ್ಷಕ್ಕೆ ಸಾಲು ತಾನಾಗಿ ಬಂತು. ಗಟ್ಟಿಯಾಗಿಯೇ ಹೇಳಿದೆ: "ಬಾಗಿಲು ತಟ್ಟಿದ ಕೈಗಳೆಲ್ಲಾ ನಮ್ಮ ಮನೆಯೋರು."

ಮುಂದಿನ ಸರದಿಯವರಿಗಾಗಿ ಕಾದೆ. ಅಡುಗೆಮನೆಯಿಂದ ದನಿ ಬಂತು: "ಏನಮ್ಮಾ, ಉಪ್ಪು ಜಾಸ್ತಿಯಾ?"

"ನೋ ನೋ, ಕರೆಕ್ಟಾಗಿದೆ" ಎಂದೆ.