ಮಗ್ಗ ನಿಂತರೆ ಅಳುವ ನಾಯಿಯ ಬಾಬತ್ತು ಒಂದು ವಿನಂತಿ

ಶ್ರೀಮಾನ್ ಕನಕರಾಜ ಅವರಿಗೆ,
ಸಂಸ್ಥಾಪಕರು ಹಾಗೂ ಸಕಲ ಶ್ವಾನಗಳ ಪೋಷಕರು,
ಗಜರಾಜ ಶ್ವಾನಪಾಲನಾ ಕೇಂದ್ರ, ನರಗುಂದ.

ಮಾನ್ಯರೇ,

ಗಜೇಂದ್ರಗಡದಿಂದ ಈರೇಶ ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ಕೇಂದ್ರದ ಸಮಸ್ತ ನಾಲ್ಕು ಕಾಲಿನವರೂ, ಸಿಮೆಂಟಿನ ಆನೆ ಕಾವಲು ನಿಂತಿರುವ ತಮ್ಮ ಮಹಾದ್ವಾರವೂ ಕ್ಷೇಮವೆಂದು ನಂಬಿದ್ದೇನೆ. ಆ ದ್ವಾರದ ಮೇಲೆ ತಾವು ಬರೆಸಿರುವ ‘ನಾಯಿ ಇರಲಿ ಬಾಗಿಲಲ್ಲಿ, ನಿದ್ದೆ ಇರಲಿ ಕಣ್ಣಿನಲ್ಲಿ’ ಎಂಬ ಸಾಲನ್ನು ಓದಿಯೇ ನಾನು ಮರುಳಾದದ್ದು. ಪ್ರಾಸವೆಂದರೆ ಪ್ರಾಣ ಬಿಡುವ ಮನುಷ್ಯ ನಾನು. ಬೋರ್ಡಿನ ಎರಡು ಸಾಲು ಒಂದಕ್ಕೊಂದು ಹೊಂದಿಕೊಂಡರೆ ಒಳಗಿನ ಸರಕನ್ನು ತಿರುವಿ ನೋಡುವುದಿಲ್ಲ. ಆದ್ದರಿಂದ ಈ ದೂರಿನಲ್ಲಿ ಅರ್ಧ ತಪ್ಪು ನನ್ನದು, ಇನ್ನರ್ಧ ಆ ಬೋರ್ಡು ಬರೆದ ಕವಿಯದು, ಉಳಿದದ್ದೆಲ್ಲ ತಮ್ಮದು.

ನಮ್ಮದು ನೇಕಾರರ ಮನೆ ಎಂಬುದು ತಮಗೆ ನೆನಪಿರಬೇಕು. ಬಣ್ಣ ಹಾಕಿದ ನೂಲನ್ನು ಮಾಳಿಗೆಯ ಮೇಲೆ ಒಣಹಾಕಿದರೆ ಸಾಕು, ಗುಡ್ಡದಿಂದ ಮಂಗಗಳ ಪರಿವಾರ ಇಳಿದು ಬಂದು, ಲಡಿಗಳನ್ನು ಕೊರಳಿಗೆ ಹಾಕಿಕೊಂಡು, ಸನ್ಮಾನ ಮುಗಿಸಿಕೊಂಡ ಗಣ್ಯರಂತೆ ಹೊರಟುಹೋಗುತ್ತವೆ. ಈ ಸಮಾರಂಭವನ್ನು ನಿಲ್ಲಿಸಲು ದೊಡ್ಡ ಜಾತಿಯ ನಾಯಿಯೇ ಬೇಕೆಂದು ನಾನು ತಮ್ಮ ಬಾಗಿಲಿಗೆ ಬಂದೆ. ತಾವು ತೋರಿಸಿದ ಗ್ರೇಟ್ ಡೇನ್ ಮರಿ ಆಗ ತಲೆದಿಂಬಿನಷ್ಟಿತ್ತು. ‘ಈರೇಶಣ್ಣಾರ, ಇದು ಬೆಳದು ನಿಂತ್ರ ಮಂಗ್ಯಾ ಇರಲಿ, ಮಂಗ್ಯಾನ ನೆರಳೂ ನಿಮ್ಮ ಓಣಿಗೆ ಕಾಲಿಡಂಗಿಲ್ರಿ’ ಎಂದು ತಾವು ಭರವಸೆ ಕೊಟ್ಟಿರಿ. ಜೊತೆಗೊಂದು ವಂಶಾವಳಿಯನ್ನೂ ಕೊಟ್ಟಿರಿ. ಅದರ ಪ್ರಕಾರ ಮರಿಯ ಮುತ್ತಜ್ಜ ಜರ್ಮನಿಯವನು, ಎರಡು ಪದಕ ಗೆದ್ದವನು. ನನ್ನ ಮುತ್ತಜ್ಜನ ಹೆಸರು ನನಗೇ ಗೊತ್ತಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಮನೆತನಸ್ಥ ಎಂದು ಯಾರಾದರೂ ಇದ್ದರೆ ಅದು ಅವನೊಬ್ಬನೇ. ಕಾಗದದಲ್ಲಿ ಅವನ ಹೆಸರು ಮೂರು ಸಾಲು ಹಿಡಿಯುತ್ತದೆ. ನಮ್ಮವ್ವ ಚೌಡವ್ವ, ಅವನು ಮನೆ ತುಂಬ ಮಗ್ಗದ ಲಾಳಿಯ ಹಾಗೆ ಆ ಕಡೆ ಈ ಕಡೆ ಓಡಾಡುವುದನ್ನು ಕಂಡು, ಒಂದೇ ಮಾತಿನಲ್ಲಿ ‘ಲಾಳ್ಯಾ’ ಎಂದು ಮುಗಿಸಿಬಿಟ್ಟಳು.

ಇನ್ನು ತಮ್ಮ ಮುಖ್ಯ ಉಪಕಾರಕ್ಕೆ ಬರುತ್ತೇನೆ. ಮರಿಯನ್ನು ಕೈಗಿಡುವಾಗ ತಾವು ಒಂದು ಕಿವಿಮಾತು ಹೇಳಿದಿರಿ: ‘ಹೊಸಾ ಮನಿಯಾಗ ತಾಯಿ ನೆನಪಾಗಿ ಅಳತೈತ್ರಿ. ಒಂದು ಗಡಿಯಾರ ಅರಿವ್ಯಾಗ ಸುತ್ತಿ ಬಾಜೂಕ ಇಡ್ರಿ. ಟಿಕ್ ಟಿಕ್ ಕೇಳಿದ್ರ ಅವ್ವನ ಎದಿ ಬಡಿತ ಅಂತ ತಿಳಕೊಂಡು ಗಪ್ಪನ ಮಲಗತೈತಿ.’ ಎಂಥ ಮಮತೆಯ ಮಾತು! ಆದರೆ ನಮ್ಮ ಮನೆಯಲ್ಲಿ ಟಿಕ್ ಟಿಕ್ ಎನ್ನುವ ಗಡಿಯಾರವಿಲ್ಲ; ಎಲ್ಲರ ವೇಳೆಯೂ ಮೊಬೈಲಿನಲ್ಲಿ ಸದ್ದಿಲ್ಲದೆ ಕಳೆಯುತ್ತದೆ. ಅವ್ವನಿಗೆ ವಿಷಯ ತಿಳಿಸಿದೆ. ‘ಗಡಿಯಾರ ಯಾಕ ಬೇಕೋ? ನೀ ಏನ ಗಡಿಯಾರ ಕೇಳಿ ಮಲಗಿದ್ಯಾ?’ ಎಂದವಳೇ ಮರಿಯನ್ನೆತ್ತಿ ತನ್ನ ಮಗ್ಗದ ಕುಣಿಯೊಳಗೆ, ಪಾದದ ಪಕ್ಕ ಮಲಗಿಸಿದಳು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲು ಒಳಗಿಳಿಬಿಟ್ಟು ತುಳಿಯುತ್ತ ನೇಯುವಂಥದು. ಕುಣಿ ತಂಪು, ಮಗ್ಗದ ಸದ್ದು ಒಂದೇ ಸಮ. ನಮ್ಮ ಓಣಿಯ ಮಕ್ಕಳೆಲ್ಲ ಆ ಸದ್ದಿಗೇ ಕಣ್ಣು ಮುಚ್ಚಿ ದೊಡ್ಡವರಾದವರು. ಜರ್ಮನಿಯ ವಂಶಸ್ಥನೂ ಮುಚ್ಚಿದ. ನಾವೆಲ್ಲ ನರಗುಂದದ ದಿಕ್ಕಿಗೆ ಕೈ ಮುಗಿದೆವು.

ಮಾನ್ಯರೇ, ಆಮೇಲೆ ನಾಯಿ ಬೆಳೆಯಿತು, ಕುಣಿ ಬೆಳೆಯಲಿಲ್ಲ.

ಬೆಳವಣಿಗೆಯ ವಿಷಯದಲ್ಲಿ ತಾವು ಆಡಿದ ಮಾತಿಗೆ ತಪ್ಪಲಿಲ್ಲ ಎಂಬುದನ್ನು ಈ ಮೂಲಕ ಬಹಿರಂಗವಾಗಿ ಪ್ರಮಾಣೀಕರಿಸುತ್ತೇನೆ. ಈಗ ಲಾಳ್ಯಾ ನಿಂತರೆ ಆಕಳ ಕರು, ಕುಂತರೆ ನಮ್ಮ ಬೀಗರು. ಆದರೆ ಅವನಿಗೆ ಇಂದಿಗೂ ಕುಣಿಯೇ ತೊಟ್ಟಿಲು, ಮಗ್ಗವೇ ತಾಯಿ. ಅವನು ಕುಣಿಗೆ ಇಳಿದರೆ ಅವ್ವನ ಕಾಲಿಗೆ ಜಾಗವಿಲ್ಲ. ಅವ್ವ ಕಾಲು ತೆಗೆದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತಿತೋ, ತಾಯಿಯ ಎದೆಬಡಿತ ನಿಂತಿತೆಂದು ತಿಳಿದು ಅವನು ಮುಖ ಮೇಲೆತ್ತಿ ಅಳಲು ಶುರುಮಾಡುತ್ತಾನೆ. ಆ ಅಳು ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ. ಅವ್ವ ಊಟಕ್ಕೆ ಏಳುವ ಹಾಗಿಲ್ಲ. ನನ್ನ ಹೆಂಡತಿ ನೀಲಾ ಅತ್ತೆಗೆ ಮಗ್ಗದಲ್ಲೇ ರೊಟ್ಟಿ ಮುರಿದು ಉಣಿಸುವುದನ್ನು ಕಂಡು ಓಣಿಯವರು, ಇಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ಕೊಂಡಾಡಿದರು. ನಮ್ಮ ಮನೆಯಲ್ಲಿ ಅತ್ತೆ ಸೊಸೆ ಇಷ್ಟು ಹತ್ತಿರವಾದದ್ದಕ್ಕೆ ತಾವೇ ಕಾರಣರು.

ಮಂಗಗಳ ವಿಷಯ ಕೇಳುವಿರಾ? ಒಮ್ಮೆ ಹಿರಿಯ ಮಂಗವೊಂದು ನೇರವಾಗಿ ಪಡಸಾಲೆಗೇ ಬಂದಿತು. ಲಾಳ್ಯಾ ಅದನ್ನು ನೋಡಿದ, ಅದು ಲಾಳ್ಯಾನನ್ನು ನೋಡಿತು. ನಮ್ಮವನು ಕಿಂಚಿತ್ತೂ ತಡಮಾಡದೆ, ಮಿಂಚಿನ ವೇಗದಲ್ಲಿ, ಅವ್ವನ ಕಾಲ ಕೆಳಗೆ ಹೋಗಿ ಕುಳಿತ. ಮಂಗಗಳು ಮಾಳಿಗೆಯಲ್ಲಿ, ಮಹಾರಾಜರು ಕುಣಿಯಲ್ಲಿ: ಈಗ ನಮ್ಮ ರಾಜ್ಯಾಡಳಿತ ಹೀಗೆ ಹಂಚಿಕೆಯಾಗಿದೆ.

ಇಷ್ಟಾದರೂ ನಾನು ಲೇಖನಿ ಎತ್ತುತ್ತಿರಲಿಲ್ಲ. ಆದರೆ ನಡುವೆ ನನ್ನ ತಂಗಿ ಮಾಲಾಳ ಕುಬಸ ಬಂದಿತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸುವ ಕಾರ್ಯ. ಆ ಸೀರೆಯನ್ನು ಅವ್ವ ತಾನೇ ನೇಯುತ್ತೇನೆಂದು ಮಗ್ಗಕ್ಕೆ ಏರಿಸಿದ್ದಳು. ಮಾಲಾಳನ್ನು ಕೊಟ್ಟಿರುವುದು ಶಿರೋಳಕ್ಕೆ. ನೇಕಾರರ ಮಗಳ ಕುಬಸಕ್ಕೆ ಅಂಗಡಿಯ ಸೀರೆ ಒಯ್ದರೆ ಅಲ್ಲಿಯ ಬೀಗರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಸೀರೆಯ ಅಂಚು ಹಿಡಿದು ಒಮ್ಮೆ ತಿರುವಿ ನೋಡುತ್ತಾರೆ, ಅಷ್ಟೇ. ಅವ್ವನ ಪ್ರಾಣ ಹೋಗಲು ಅಷ್ಟು ಸಾಕು. ಕಾರ್ಯ ಹತ್ತಿರ ಬರುತ್ತಿದೆ, ಸೀರೆ ಇನ್ನೂ ಅರ್ಧದಲ್ಲಿದೆ, ಕುಣಿಯಲ್ಲಿ ಕರುವಿನಂಥ ನಾಯಿ ಕಾಲು ಚಾಚಿ ಮಲಗಿದೆ. ಅವ್ವ ಮೊದಲ ಬಾರಿಗೆ ಅವನ ಮೇಲೆ ಸಿಟ್ಟಾಗಿ ‘ಏಳೋ ಭಾಡ್ಯಾ, ನಿನಗೇನು ಅಕ್ಕ ತಂಗಿ ಇಲ್ಲೇನು?’ ಎಂದಳು. ಅವನಿಗೆ ನಾಲ್ವರಿದ್ದಾರೆಂದು ವಂಶಾವಳಿಯಲ್ಲಿ ನಮೂದಾಗಿದೆ, ಆದರೂ ಏಳಲಿಲ್ಲ.

ತಮಗೆ ಫೋನು ಮಾಡಿದೆ. ತಾವು ಸೌಜನ್ಯದ ಮೂರ್ತಿಗಳು. ‘ನಾಯಿ ವಾಪಸ್ ತಗೋತೇನ್ರಿ, ಈಗ ಗಾಡಿ ಕಳಸ್ತೇನಿ’ ಎಂದಿರಿ. ಇದನ್ನು ನಾನು ಅವ್ವನಿಗೆ ಹೇಳಿದ್ದೇ ತಡ, ‘ಸೀರಿ ಅರ್ಧಾ ಆಗೇತಿ ಅಂತ ಮಗಳನ್ನ ವಾಪಸ್ ಕರಸ್ತೀಯೇನು?’ ಎಂದು ಕೇಳಿದಳು. ಈ ಪ್ರಶ್ನೆಗೂ ನಾಯಿಗೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಗಾಡಿ ಬೇಡವೆಂದು ತಮಗೆ ತಿಳಿಸಿದೆ.

ಉಳಿದದ್ದು ಒಂದೇ ದಾರಿ. ಮೊದಲು ನಮ್ಮ ಪಡಸಾಲೆಯಲ್ಲಿ ಎರಡು ಮಗ್ಗಗಳಿದ್ದವು. ದೊಡ್ಡಪ್ಪ ಬೇರೆಯಾದಾಗ ತನ್ನದನ್ನು ಬಿಚ್ಚಿಕೊಂಡು ಹೋದ. ಆ ಕುಣಿ ಮುಚ್ಚಿಸಿ, ಮೇಲೆ ಟೈಲ್ಸ್ ಹಾಕಿಸಿ, ಅದರ ಮೇಲೆ ಸೋಫಾ ಇಟ್ಟು ನಾನು ನಾಗರಿಕನಾಗಿದ್ದೆ. ಟೈಲ್ಸ್ ಹಾಕಿದ್ದ ಮೆಹಬೂಬಸುಭಾನಿಯವರನ್ನೇ ಕರೆಸಿ ಅಗೆಯಲು ಹೇಳಿದೆ. ಅವರು ಸೋಫಾವನ್ನೂ, ನಾಯಿಯನ್ನೂ, ನನ್ನನ್ನೂ ಕ್ರಮವಾಗಿ ನೋಡಿ, ‘ಈರೇಶಣ್ಣಾ, ಹಿಂಗ ಹಾಸೂದು ಅಗಿಯೂದು ನಡದಿದ್ರ ಈ ಸಲ ನೆಲಕ್ಕ ಜಿಪ್ಪ ಹಚ್ಚಿ ಕೊಡ್ಲೇನು?’ ಎಂದರು. ಕುಣಿ ತೆರೆಯಿತು. ಲಾಳ್ಯಾ ಒಂದು ಸುತ್ತು ಹಾಕಿ, ಮೂಸಿ, ಇಳಿದು, ಪಕ್ಕದ ಮಗ್ಗದ ಸದ್ದಿಗೆ ಕಿವಿಯಿಟ್ಟು ಮಲಗಿಬಿಟ್ಟ. ಅವ್ವನ ಕಾಲಿಗೆ ಬಿಡುಗಡೆಯಾಯಿತು, ಸೀರೆ ಮುಗಿಯಿತು.

ಕುಬಸದ ದಿನ ಎಲ್ಲರೂ ಶಿರೋಳಕ್ಕೆ ಹೋದರು, ನಾನೊಬ್ಬ ಉಳಿದೆ. ಮಗ್ಗದ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕೇಳಿಸಿ ನೋಡಿದ್ದೆವು. ಅವನಿಗೆ ಅದು ಮಲತಾಯಿಯ ದನಿಯಾಗಿರಬೇಕು, ಮುಖ ತಿರುಗಿಸಿದ. ಹೀಗಾಗಿ ಒಡಹುಟ್ಟಿದವಳ ಕುಬಸದ ಹೊತ್ತಿನಲ್ಲಿ ಈ ಪದವೀಧರ, ಸೀರೆ ಕೊಯ್ದಿಳಿಸಿದ ಮಗ್ಗದಲ್ಲಿ ಕುಳಿತು, ಒಂದು ಎಳೆಯನ್ನೂ ನೇಯದೆ, ನಾಯಿಯ ನಿದ್ದೆಯೊಂದನ್ನೇ ನೇಯುತ್ತಿದ್ದ. ಸಂಜೆ ಮಾಲಾ ಫೋನು ಮಾಡಿದಳು. ಅವಳ ಅತ್ತೆ ಸಕ್ರವ್ವನವರು ನಿರೀಕ್ಷೆಯಂತೆ ಅಂಚು ಹಿಡಿದು ತಿರುವಿ ನೋಡಿದರಂತೆ. ಎಳೆಗಳ ನಡುವೆ ಏನೋ ಗಿಡ್ಡನೆಯದು, ಕಪ್ಪನೆಯದು ಕಂಡು, ಉಗುರಿನಿಂದ ಕೆದರಿ, ಬೆಳಕಿಗೆ ಹಿಡಿದು, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರಂತೆ: ‘ನಾಯಿ ಕೂದಲಾ ನೇಯ್ದಾರವ್ವ! ಇದು ಅಂಗಡೀದ ಅಲ್ಲ ಬಿಡ್ರಿ, ಖರೇನ ಮನೀದ ಐತಿ.’

ಆದ್ದರಿಂದ ಮಾನ್ಯರೇ, ನಾಯಿ ವಾಪಸಿನ ಪ್ರಶ್ನೆ ಇಲ್ಲಿಗೆ ಮುಗಿಯಿತು. ನನ್ನವು ಸಣ್ಣ ವಿನಂತಿಗಳು. ವಂಶಾವಳಿಯಲ್ಲಿ ತಾಯಿಯ ಹೆಸರಿನ ಮುಂದೆ ‘ಕುಣಿ ಮಗ್ಗ, ಗಜೇಂದ್ರಗಡ’ ಎಂದು ತಿದ್ದಿ ಮೊಹರು ಹಾಕಿ ಕಳಿಸುವುದು. ಗುಡ್ಡದ ಮಂಗಗಳಿಗೆ, ಲಾಳ್ಯಾ ಕುಣಿಯಿಂದ ಏಳುವತನಕ ಮಾಳಿಗೆ ಹತ್ತಕೂಡದೆಂದು ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ತಾಕೀತು ಹೊರಡಿಸುವುದು. ಇನ್ನು ಮುಂದೆ ನೇಕಾರರ ಮನೆಗೆ ಮರಿ ಕೊಡುವಾಗ ಗಡಿಯಾರವನ್ನು ಜೊತೆಯಲ್ಲೇ ಕಟ್ಟಿ ಕೊಡುವುದು.

ನೂಲೂ ಕಾಯದ, ಬಾಗಿಲೂ ಕಾಯದ, ಅವ್ವನನ್ನು ಮಾತ್ರ ಕಣ್ಣು ಮುಚ್ಚಿ ಕಾಯುವ ನಾಯಿಯ ಒಡೆಯ,
ತಮ್ಮ ವಿಶ್ವಾಸಿ,
ಈರೇಶ

ತಾ.ಕ.: ಸೋಫಾ ಈಗ ಹಿತ್ತಲ ಕೋಣೆಗೆ ಹೋಗಿದೆ. ಭಾನುವಾರ ಮಧ್ಯಾಹ್ನ ಅಲ್ಲಿ ಅಡ್ಡಾದರೆ ಮಗ್ಗದ ಸದ್ದು ಕೇಳುವುದಿಲ್ಲ, ನನಗೆ ಕಣ್ಣೇ ಹತ್ತುವುದಿಲ್ಲ. ಕೊನೆಗೆ ತಮ್ಮ ಸಲಹೆಯಂತೆ ಒಂದು ಗಡಿಯಾರ ತಂದು, ಅರಿವೆಯಲ್ಲಿ ಸುತ್ತಿ ಬಾಜೂಕೆ ಇಟ್ಟುಕೊಂಡೆ. ಏನೂ ಪ್ರಯೋಜನವಿಲ್ಲ. ನಾಯಿ ಕುಣಿಯಲ್ಲಿ, ನಿದ್ದೆ ನಾಯಿಯ ಕಣ್ಣಿನಲ್ಲಿ. ದಯವಿಟ್ಟು ತಮ್ಮ ಬೋರ್ಡನ್ನು ಹೀಗೆ ತಿದ್ದಿಸಿಕೊಳ್ಳಿ; ಪ್ರಾಸಕ್ಕೆ ಭಂಗವಿಲ್ಲ.