ಪ್ರೀಮಿಯಂ ಇಳಿದ ದಿನ

ಬೆಳಗಿನ ಚಹಾ ಇನ್ನೂ ಗಂಟಲಿನಿಂದ ಕೆಳಗಿಳಿದಿರಲಿಲ್ಲ, ಕನ್ನಡಕದಣ್ಣನ ಮೊಬೈಲು ಟಿಣ್ ಎಂದಿತು. ಕಾರಿನ ವಿಮೆಯ ಕಂಪನಿಯವರು ಬಲು ವಿನಯದಿಂದ ಬರೆದಿದ್ದರು. ನಿಮ್ಮ ವಿಮೆ ಇಂದಿಗೆ ಮುಗಿಯುತ್ತದೆ, ಮುಂದುವರಿಸಲು ಇಷ್ಟು ಕಟ್ಟಿರಿ. ಆ 'ಇಷ್ಟು' ಎಷ್ಟೆಂದು ನೋಡಿದವನೇ ಅವನು ತನ್ನ ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಅಂಕಿ ಒಂದಿಷ್ಟೂ ಕರಗಿರಲಿಲ್ಲ. ಹೋದ ವರ್ಷದ್ದರ ಮೇಲೆ ಅರ್ಧಕ್ಕರ್ಧ ಏರಿ ಕೂತಿತ್ತು.

ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು ಅವನ ಕಸುಬು. ಮನೆಯ ಮುಂಭಾಗದಲ್ಲೇ ಅಂಗಡಿ. ಗೋಡೆಯ ಮೇಲಿನ ಅಕ್ಷರದ ಹಲಗೆ ತೋರಿಸಿ, "ಕೊನೇ ಸಾಲು ಓದಿ ನೋಡೋಣ" ಎಂದು ಊರಿನ ಅರ್ಧ ಜನರನ್ನು ಪೇಚಿಗೆ ಸಿಕ್ಕಿಸಿದವನು. ಅದಕ್ಕೇ ಬೀದಿಯವರ ಬಾಯಲ್ಲಿ ಅವನು ಕನ್ನಡಕದಣ್ಣ. ಇನ್ನೊಬ್ಬರ ಕಣ್ಣನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವ ಈ ಮನುಷ್ಯನಿಗೆ ಸ್ಟೀರಿಂಗ್ ಕೈಗೆ ಬಂದ ಕೂಡಲೇ ಮಾತ್ರ ಎದುರಿಗಿದ್ದದ್ದು ಕಾಣುತ್ತಿರಲಿಲ್ಲ.

"ಎಷ್ಟಂತೆ?" ಎಂದಳು ಹೆಂಡತಿ.

"ಏನೋ, ಸ್ವಲ್ಪ ಏರಿಸಿದಾರೆ."

ಅವನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ಅವಳು ಬಾಣಲೆಯಲ್ಲಿನ ಹೋಳನ್ನು ಮಗುಚಿದಷ್ಟು ಸಲೀಸಾಗಿ ಅದನ್ನು ಮಗುಚಿ ನೋಡಿದಳು.

"ಇದು ಸ್ವಲ್ಪಾನಾ? ರೀ, ಹೋದ ಸಲಾನೇ ಹೇಳಿದ್ದೆ. ಇನ್ನೊಂದು ಕಾಸು ಏರಿದ್ರೂ ಆ ಕಾರು ಈ ಮನೇಲಿರಲ್ಲ ಅಂತ. ನನ್ನ ತಮ್ಮ ಒಂದೇ ಸಮ ಕೇಳ್ತಿದಾನೆ. ಒಳ್ಳೇ ಬೆಲೆ ಕೊಡ್ತೀನಿ ಅಂತಿದಾನೆ. ಅವನಿಗೆ ಮಾರಿ ಕೈ ತೊಳ್ಕೊಳ್ಳಿ."

ಬೂದು ಬಣ್ಣದ ಹಳೆಯ ಪುಟ್ಟ ಕಾರು ಅದು. ಹಗಲಿಡೀ ಅಂಗಡಿಯ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಕನ್ನಡಕದಣ್ಣ ಅದರೊಳಗೆ ಕೂತು ಕೆರೆಯ ದಂಡೆಯವರೆಗೆ ಹೋಗಿ, ಗಾಜು ಇಳಿಸಿ, ರೇಡಿಯೋ ಹಾಕಿಕೊಂಡು, ಯಾರೂ ಏನನ್ನೂ ಕೇಳದ ಆ ಒಂದಿಷ್ಟು ಹೊತ್ತು ರಾಜನ ಹಾಗೆ ಇದ್ದು ಬರುತ್ತಿದ್ದ. ಅದನ್ನು ಭಾವಮೈದನಿಗೆ ಕೊಡುವುದೆಂದರೆ ತನ್ನ ಸಂಜೆಗಳನ್ನೇ ಕಟ್ಟಿ ಕೊಟ್ಟಂತೆ.

"ಹೋದ ವರ್ಷದ್ದಕ್ಕಿಂತ ಕಮ್ಮಿ ಮಾಡಿಸಿದ್ರೆ?"

"ಮಾಡಿಸಿ. ಆಮೇಲೆ ಕಾರಿನ ವಿಷಯಕ್ಕೆ ನಾನು ಬಾಯೇ ಬಿಡಲ್ಲ."

ಮದುವೆಯಾದಾಗಿನಿಂದ ಇಂಥ ಕೊಡುಗೆ ಅವನ ಪಾಲಿಗೆ ಬಂದಿರಲಿಲ್ಲ. ಅವನು ಅರ್ಧ ಚಹಾ ಬಿಟ್ಟು ಅಂಗಡಿಗೆ ಓಡಿದ.

ಮೊದಲು ತನ್ನ ಕಂಪನಿಗೇ ಫೋನ್ ಮಾಡಿ ಗದರಿದ. ಆ ಕಡೆಯ ಹುಡುಗಿ ಹೆದರಲಿಲ್ಲ.

"ಒಂದೇ ವರ್ಷದಲ್ಲಿ ಮೂರು ಕ್ಲೈಮ್ ಮಾಡಿದೀರ ಸಾರ್. ಒಂದು ಸೈಡ್ ಕನ್ನಡಿ. ಒಂದು ಬಂಪರ್. ಇನ್ನೊಂದು... ವೈಪರ್."

"ವೈಪರ್ರಾ!" ಎಂಬ ಉದ್ಗಾರ ಬಾಗಿಲಿಂದ ಬಂತು. ಪಕ್ಕದಂಗಡಿಯ ಟೈಲರಕ್ಕ ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡು ನಿಂತಿದ್ದಳು. ಗೋಡೆಯಾಚೆಯ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. "ಅಲ್ಲ ಅಣ್ಣಾ, ಆ ಚೋಟುದ್ದದ ವೈಪರಿಗೂ ಕ್ಲೈಮ್ ಹಾಕಿದ್ರಾ?"

"ಕಟ್ಟಿದ್ದು ನಮ್ಮ ದುಡ್ಡು ತಾನೇ ಅಕ್ಕ? ವಾಪಸ್ ತಗೋಬಾರದಾ?"

"ಒಂದು ಗುಂಡಿ ಬಿತ್ತು ಅಂತ ಇಡೀ ಅಂಗಿ ಬಿಚ್ಚಿ ಹೊಲಿಸಿದ ಹಾಗಾಯ್ತು! ವರ್ಷವೆಲ್ಲ ಏನೂ ಕೇಳದೆ ಸುಮ್ಮನಿದ್ರೆ ಅವರೇ ರಿಯಾಯಿತಿ ಕೊಡ್ತಾರೆ. ನನ್ನ ಸ್ಕೂಟರಿಗೆ ವರ್ಷಾ ವರ್ಷಾ ಇಳೀತಾನೇ ಇದೆ. ನೀವು ವೈಪರಿನ ಆಸೆಗೆ ರಿಯಾಯಿತೀನೇ ಕಳ್ಕೊಂಡ್ರಿ."

ಅಷ್ಟರಲ್ಲಿ ಮಹಡಿಯಿಂದ ಕಂಡಕ್ಟರ್ ಮಾವ ಇಳಿದು ಬಂದರು. ಆಯಸ್ಸೆಲ್ಲ ಬಸ್ಸಿನಲ್ಲಿ ನಿಂತೇ ಕಳೆದು ನಿವೃತ್ತರಾದವರು. ಸೀಟಿ ಮಾತ್ರ ಇನ್ನೂ ಜೇಬಿನಲ್ಲೇ ಇತ್ತು. ವಿಷಯ ತಿಳಿದು ಕೈ ಬೀಸಿದರು.

"ಇದಕ್ಯಾಕಯ್ಯಾ ಇಂಗು ತಿಂದ ಮಂಗನ ಹಾಗೆ ಮುಖ ಮಾಡ್ಕೊಂಡಿದ್ದೀಯ? ಈ ಬಸ್ಸಲ್ಲಿ ಸೀಟಿಲ್ಲ ಅಂದ್ರೆ ಹಿಂದೆ ಬರೋ ಬಸ್ಸು ಹತ್ತು. ಬೇರೆ ಕಂಪನಿ ಕೇಳು. ಫೋನನ್ನ ಸ್ಪೀಕರಿಗೆ ಹಾಕು, ನಾವಿಲ್ವಾ?"

ಅವರಿದ್ದರು. ಅದೇ ತೊಂದರೆಯಾಯಿತು.

ಎರಡನೆಯ ಕಂಪನಿಯವನು, "ಕಾರಿಗೆ ನೀವಾಗಿ ಏನಾದ್ರೂ ಹಾಕಿಸಿದೀರಾ?" ಎಂದು ಕೇಳಿದ. ಕಾರಿನ ಮರ್ಯಾದೆ ಹೆಚ್ಚಿದರೆ ತನ್ನದೂ ಹೆಚ್ಚುತ್ತದೆಂದು ತಿಳಿದ ಕನ್ನಡಕದಣ್ಣ ಎದೆಯುಬ್ಬಿಸಿ, ಹೊಳೆಯುವ ಚಕ್ರ, ದೊಡ್ಡ ಸ್ಪೀಕರು, ಸೀಟಿಗೆ ಚರ್ಮದ ಹೊದಿಕೆ ಎಂದು ಒಂದೊಂದಾಗಿ ಹೇಳಿದ. ಆ ಕಡೆ ಒಂದೊಂದಕ್ಕೂ ಟಪಟಪ ಎಂದು ಕೀಲಿಮಣೆ ಸದ್ದಾಯಿತು. ಕೊನೆಗೆ ಬಂದ ಅಂಕಿ ಬೆಳಗಿನದ್ದಕ್ಕಿಂತ ಎತ್ತರವಿತ್ತು.

"ಶೋಕಿ ಸಾಮಾನು ಹೆಚ್ಚಿದಷ್ಟೂ ಕಳ್ಳನಿಗೆ ಆಸೆ, ಕಂಪನಿಗೆ ಭಯ. ಅಷ್ಟೂ ತಿಳೀಬೇಡ್ವಾ?" ಎಂದಳು ಟೈಲರಕ್ಕ. "ಮುಂದಿನವರ ಹತ್ರ ಹಳೇ ಕಾರು ಅಂತ ಹೇಳಿ, ಅಣ್ಣಾ. ಬೆಲೆ ಕಮ್ಮಿ ಇದ್ರೆ ಪ್ರೀಮಿಯಂ ಕಮ್ಮಿ."

ಮೂರನೆಯವರಿಗೆ ಅವನು ಕಾರನ್ನು ಬಾಯಿ ತುಂಬ ಬೈದ. ಬಣ್ಣ ಹೋಗಿದೆ ಎಂದ. ಬಾಗಿಲು ಕಿರುಗುಟ್ಟುತ್ತದೆ ಎಂದ. ಅದೇ ಹುಮ್ಮಸ್ಸಿನಲ್ಲಿ, "ಬ್ರೇಕೂ ಅಷ್ಟಕ್ಕಷ್ಟೇ" ಎಂದುಬಿಟ್ಟ.

ಕಂಡಕ್ಟರ್ ಮಾವ ತಲೆ ಚಚ್ಚಿಕೊಂಡರು. "ಬ್ರೇಕಿನ ಸುದ್ದಿ ನಿನ್ನ ಯಾರಯ್ಯಾ ಕೇಳಿದ್ರು?"

"ಕಾರಿನ ನಾಲ್ಕೂ ಕಡೆ ಫೋಟೋ ತೆಗೆದು ಈಗಲೇ ಕಳಿಸಿ. ನೋಡಿ ಹೇಳ್ತೀವಿ" ಎಂದರು ಆ ಕಡೆಯವರು, ಅನುಮಾನದ ದನಿಯಲ್ಲಿ.

ಮೂರು ಕಡೆ ಸುಲಭವಾಗಿ ಆಯಿತು. ಹಿಂಭಾಗ ಗೋಡೆಗೆ ಒತ್ತಿಕೊಂಡಿತ್ತು. ಹಾಗಾಗಿ ಕಾರನ್ನು ಬೀದಿಗೆ ತಂದು ತಿರುಗಿಸಿ, ಹಿಂದಕ್ಕೆ ಬಿಡಬೇಕಾಯಿತು.

"ನೀನು ಹಿಂದೆ ನೋಡೋದೇ ಬೇಡ" ಎಂದರು ಕಂಡಕ್ಟರ್ ಮಾವ. "ನನ್ನ ಸೀಟಿಗೆ ಕಿವಿ ಕೊಡು. ಒಂದು ಸೀಟಿ ಅಂದ್ರೆ ನಿಲ್ಲು. ಎರಡು ಅಂದ್ರೆ ಬಿಡು. ಈ ಲೆಕ್ಕದಲ್ಲಿ ಲಕ್ಷಾಂತರ ಜನರನ್ನ ಮನೆ ಸೇರಿಸಿದೀನಿ."

ಎರಡು ಸೀಟಿ ಕೇಳಿಸಿತು. ಕಾರು ಹಿಂದಕ್ಕೆ ಬಂತು. ಆಮೇಲೆ ಒಂದು ಸೀಟಿ. ಕನ್ನಡಕದಣ್ಣ ಬ್ರೇಕಿಗೆ ಕಾಲಿಟ್ಟ. ಕಾರು ನಿಲ್ಲುವುದಕ್ಕೆ ಒಂದು ಕ್ಷಣ ಹಿಡಿಯಿತು. ಅದು ನಿಲ್ಲಲಿಲ್ಲವೆಂದು ಗಾಬರಿಯಾದ ಮಾವ ಇನ್ನೊಂದು ಸೀಟಿ ಊದಿದರು. ಎರಡಾಯಿತಲ್ಲ! ಹೇಳಿದ ಮಾತನ್ನು ಮೀರದ ಕನ್ನಡಕದಣ್ಣ ಬ್ರೇಕು ಬಿಟ್ಟು ಆಕ್ಸಿಲರೇಟರನ್ನು ಜೋರಾಗಿ ಒತ್ತಿದ.

ಮಾವನ ಸಿಮೆಂಟಿನ ಹೂಕುಂಡ ಢಮಾರೆಂದು ಒಡೆಯಿತು. ಕಾರಿನ ಬೆನ್ನಿಗೆ ಅನ್ನದ ತಟ್ಟೆಯಷ್ಟು ಅಗಲದ ತಗ್ಗು ಬಿತ್ತು.

"ಎರಡು ಸೀಟಿ ಅಂದ್ರೆ ಬಿಡು ಅಂತ ನೀವೇ ಹೇಳಿದ್ದಲ್ವಾ ಮಾವ?"

"ಒಂದನೇದಕ್ಕೇ ನಿಂತಿದ್ರೆ ಎರಡನೇದು ಯಾಕಯ್ಯಾ ಊದ್ತಿದ್ದೆ!"

ಸದ್ದಿಗೆ ಹೊರಬಂದ ಹೆಂಡತಿ ಒಡೆದ ಕುಂಡ ನೋಡಿದಳು, ಕಾರು ನೋಡಿದಳು, ಗಂಡನನ್ನು ನೋಡಿದಳು. ಒಳಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು. "ಮನೇಲೇ ಇರೋ. ದುಡ್ಡು ಸಿದ್ಧ ಇಟ್ಕೋ" ಎಂದದ್ದು ಬೀದಿಗೇ ಕೇಳಿಸಿತು.

ಕನ್ನಡಕದಣ್ಣನ ಕೈ ಅಭ್ಯಾಸಬಲದಿಂದ ಮೊಬೈಲಿನ ಕಡೆ ಹೋಯಿತು. "ಹಳೇ ವಿಮೆ ಇವತ್ತಿನ ಮಟ್ಟಿಗೆ ಇನ್ನೂ ಇದೆಯಲ್ಲ, ಒಂದು ಕ್ಲೈಮ್..."

"ಬೇಡಾ!" ಎಂದು ಮಾವ, ಟೈಲರಕ್ಕ ಇಬ್ಬರೂ ಒಟ್ಟಿಗೆ ಕಿರುಚಿದರು. ಅಂಗಡಿಯೊಳಗೆ ಒಂದು ಕಣ್ಣು ಮುಚ್ಚಿಕೊಂಡು ಪರೀಕ್ಷೆಗೆ ಕಾಯುತ್ತಿದ್ದ ಗಿರಾಕಿಯೂ ದನಿಗೂಡಿಸಿದ. ಅವನನ್ನು ಅಲ್ಲಿ ಕೂರಿಸಿದ್ದು ಎಲ್ಲರಿಗೂ ಮರೆತೇ ಹೋಗಿತ್ತು.

ಮಧ್ಯಾಹ್ನ ಊಟವಿಲ್ಲದೆ ಜಾರಿತು. ಆ ತಗ್ಗಿನ ಫೋಟೋವನ್ನು ಮೂರನೆಯವರಿಗೆ ಕಳಿಸುವಂತಿರಲಿಲ್ಲ. ಉಳಿದದ್ದು ಒಂದೇ ಕಂಪನಿ. ಅಲ್ಲಿನ ಹುಡುಗಿಯ ದನಿ ಜ್ವರದ ಹಣೆಗೆ ಒದ್ದೆ ಬಟ್ಟೆ ಇಟ್ಟಂತಿತ್ತು. ಕನ್ನಡಕದಣ್ಣ ಹೊಸ ತಗ್ಗನ್ನೂ ಸೇರಿಸಿ ಎಲ್ಲವನ್ನೂ ಹೇಳಿಕೊಂಡ.

"ಅಳಬೇಡಿ ಸಾರ್. ಯಾವುದು ಏರಿಸ್ತಿದೆ ಅಂತ ಒಂದೊಂದಾಗಿ ತೆಗೆದು ನೋಡೋಣ. ವರ್ಷಕ್ಕೆ ತುಂಬ ದೂರ ಓಡಿಸ್ತೀರಾ?"

"ಕೆರೆವರೆಗೆ, ಅಷ್ಟೇ."

ಅಂಕಿ ಒಂದು ಮೆಟ್ಟಿಲು ಇಳಿಯಿತು.

"ಯಾವುದೇ ರಿಪೇರಿ ಬಂದ್ರೂ ಮೊದಲ ಪಾಲು ನೀವೇ ಹಾಕ್ತೀರಾ? ಅದಕ್ಕೆ ಮೇಲ್ಪಟ್ಟಿದ್ದು ಮಾತ್ರ ನಾವು."

ಟೈಲರಕ್ಕ ಒಪ್ಪಿಕೊಳ್ಳಿ ಎಂದು ಸನ್ನೆ ಮಾಡಿದಳು. ಅವನು ಒಪ್ಪಿಕೊಂಡ. ಇನ್ನೊಂದು ಮೆಟ್ಟಿಲು.

"ರಾತ್ರಿ ಕಾರು ಎಲ್ಲಿರುತ್ತೆ? ಬೀದೀಲಾ, ಶೆಡ್ಡಲ್ಲಾ?"

ಕಂಡಕ್ಟರ್ ಮಾವ, "ಶೆಡ್ಡು ಅನ್ನು, ಶೆಡ್ಡು ಅನ್ನು" ಎಂದು ಪಿಸುಗುಟ್ಟಿದರು. ಪಿಸುಮಾತು ಬಸ್ ನಿಲ್ದಾಣದವರೆಗೆ ಕೇಳುವಂತಿತ್ತು.

"ಶೆಡ್ಡಲ್ಲಮ್ಮ."

"ಶೆಡ್ಡಿನ ವಿಳಾಸ ಹೇಳಿ ಸಾರ್."

ಇಡೀ ಬೀದಿಯಲ್ಲಿ ಒಂದು ಶೆಡ್ಡಿರಲಿಲ್ಲ. ಕನ್ನಡಕದಣ್ಣನಿಗೆ ತಟ್ಟನೆ ಹೊಳೆದದ್ದು ಭಾವಮೈದನ ಮನೆ. ಈ ಕಾರು ಇಂದಲ್ಲ ನಾಳೆ ತನಗೇ ಬರುತ್ತದೆಂಬ ಧೈರ್ಯದಲ್ಲಿ ಆ ಮಹಾರಾಯ ಕಬ್ಬಿಣದ ಬಾಗಿಲಿನ ಶೆಡ್ಡು ಕಟ್ಟಿಸಿ, ಅದರಲ್ಲಿ ಸದ್ಯಕ್ಕೆ ಹಳೇ ಮಂಚ ಇಟ್ಟುಕೊಂಡಿದ್ದ. ಬಾಯಿಮಾತಿನ ವಿಳಾಸ ತಾನೇ ಎಂದು ಕನ್ನಡಕದಣ್ಣ ಅದನ್ನೇ ಹೇಳಿದ. ಅಂಕಿ ಮತ್ತೆ ಇಳಿಯಿತು. ಆದರೂ ಹೋದ ವರ್ಷದ ಗೆರೆಗಿಂತ ಮೇಲೆಯೇ ಇತ್ತು.

ಹುಡುಗಿ ಕೆಟ್ಟ ಸುದ್ದಿ ಹೇಳುವ ವೈದ್ಯರ ಹಾಗೆ ಕೆಮ್ಮಿದಳು.

"ಎಲ್ಲಾ ತೆಗೆದಾಯ್ತು ಸಾರ್. ಇನ್ನು ಉಳಿದಿರೋದು ಒಂದೇ ಒಂದು ಕಾರಣ."

"ಏನಮ್ಮಾ ಅದು?"

"ನೀವು ಸಾರ್."

ಟೈಲರಕ್ಕ ಟೇಪಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು.

"ಓಡಿಸೋರು ನೀವು ಅಂತ ಇರೋವರೆಗೂ ಇಳಿಯಲ್ಲ. ಮನೇಲಿ ಬೇರೆ ಯಾರಿಗಾದ್ರೂ ಲೈಸೆನ್ಸ್ ಇದೆಯಾ? ಒಂದೂ ಅಪಘಾತ ಮಾಡ್ದೇ ಇರೋರು?"

ಹೆಂಡತಿಗೆ ಲೈಸೆನ್ಸ್ ಇರಲಿಲ್ಲ. ಭಾವಮೈದನಿಗಿತ್ತು. ಎಂದೋ ತೆಗೆಸಿ ಬೀರುವಿನಲ್ಲಿಟ್ಟದ್ದು. ಸ್ವಂತ ಕಾರಿಲ್ಲದೆ ಯಾವತ್ತೂ ಓಡಿಸಿದವನಲ್ಲ. ಹಾಗಾಗಿ ಒಂದು ಇರುವೆಗೂ ತಾಗಿಸಿರಲಿಲ್ಲ. ಕನ್ನಡಕದಣ್ಣ ಹಲ್ಲು ಕಚ್ಚಿಕೊಂಡು, ಹೆಸರು ತಾನೇ, ಹೆಸರಿಗೇನು ಸ್ಟೀರಿಂಗ್ ಹಿಡಿಯಲು ಬರುತ್ತದೆಯೇ ಎಂದುಕೊಂಡು ಅದನ್ನೂ ಬರೆಸಿದ.

ಅಂಕಿ ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿಯಿತು. ಹೋದ ವರ್ಷದ್ದಕ್ಕಿಂತಲೂ ಕೆಳಗೆ!

ಅವನು ಎರಡನೇ ಯೋಚನೆಗೆ ಎಡೆಕೊಡದೆ ಮೊಬೈಲಿನಲ್ಲೇ ದುಡ್ಡು ಕಟ್ಟಿದ. ಕಂಡಕ್ಟರ್ ಮಾವ ಕುಂಡದ ದುಃಖ ಮರೆತು ಬೆನ್ನು ತಟ್ಟಿದರು. ಟೈಲರಕ್ಕ ಎಲ್ಲರಿಗೂ ಚಹಾ ತರಿಸಿದಳು. ಹೆಂಡತಿ ಅಂಕಿಯನ್ನು ಸಾವಕಾಶವಾಗಿ ನೋಡಿ, ಕೊಟ್ಟ ಮಾತಿಗೆ ತಪ್ಪದೆ, "ಸರಿ. ಮಾರೋದು ಬೇಡ" ಎಂದು ಬಾಯಿ ಮುಚ್ಚಿದಳು.

ಸಂಜೆ ಅಂಗಡಿ ಮುಚ್ಚಿ, ಕಾರಿನೊಳಗೆ ಕೂತು, ಅವನು ಕೀಲಿ ತಿರುಗಿಸಿದ. ಕೆರೆಯ ಗಾಳಿ ಆಗಲೇ ಮುಖಕ್ಕೆ ಬಡಿದಂತಾಯಿತು. ಅಷ್ಟರಲ್ಲಿ ಮೊಬೈಲು ರಿಂಗಾಯಿತು. ಅದೇ ಹುಡುಗಿ.

"ಎರಡು ಮಾತು ತಿಳಿಸೋದಿತ್ತು ಸಾರ್. ನಾಳೆ ಬೆಳಿಗ್ಗೆ ನಮ್ಮವರು ಶೆಡ್ಡಿಗೇ ಬಂದು ಕಾರು ನೋಡ್ತಾರೆ. ಅಲ್ಲಿಲ್ದಿದ್ರೆ ವಿಮೆ ರದ್ದು, ಕಟ್ಟಿದ್ದು ವಾಪಸ್ ಬರಲ್ಲ. ಮತ್ತೆ, ಹೆಸರು ಬರೆಸಿದವರು ಬಿಟ್ಟು ಬೇರೆಯವರು ಓಡಿಸಿ ಏನಾದ್ರೂ ಆದ್ರೆ ನಮಗೆ ಸಂಬಂಧ ಇಲ್ಲ." ಅವಳ ದನಿ ಚುರುಕಾಯಿತು. "ಇಂಜಿನ್ ಸದ್ದು ಕೇಳಿಸ್ತಿದೆ. ನೀವು ಓಡಿಸ್ತಿಲ್ಲ ತಾನೇ ಸಾರ್?"

ಕನ್ನಡಕದಣ್ಣ ಇಂಜಿನ್ ಆರಿಸಿದ.

"ಇಲ್ಲಮ್ಮ. ಸುಮ್ನೆ ಕೂತಿದೀನಿ."

"ಒಳ್ಳೇದು ಸಾರ್. ಅವರಿಗೂ ಫೋನ್ ಮಾಡಿ ತಿಳಿಸಿದೀವಿ. ತುಂಬಾ ಖುಷಿಪಟ್ರು."

ಖುಷಿಪಟ್ಟವನು ಆಗಲೇ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಿದ್ದ. ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮದುವಣಿಗನ ಹಾಗೆ ಬಂದು ಕಾರಿನ ಬಾಗಿಲು ತೆರೆದು ನಿಂತ. ಕನ್ನಡಕದಣ್ಣ ಇಳಿದ. ಭಾವಮೈದ ಕೂತು, ಸೀಟು ಹಿಂದಕ್ಕೆ ಸರಿಸಿ, ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡ.

"ಶೆಡ್ಡಿಂದ ಮಂಚ ತೆಗೆಸಿದೀನಿ ಭಾವ. ಹಿಂದೆ ಏನೋ ತಗ್ಗಾಗಿದೆಯಲ್ಲ? ಇರ್ಲಿ ಬಿಡಿ, ನಾನೇ ಸರಿ ಮಾಡಿಸ್ತೀನಿ. ದುಡ್ಡು ನೀವು ಕಳಿಸಿದ್ರೆ ಸಾಕು. ಮೊದಲ ಪಾಲು ನಿಮ್ಮದೇ ಅಂತ ಆ ಹುಡುಗಿ ಹೇಳಿದ್ಳು."

ಕನ್ನಡಕದಣ್ಣ ತೊದಲಿದ. "ಅಲ್ಲಯ್ಯಾ, ಬೇಕಾದ್ರೆ ಕೊಂಡ್ಕೊಂಡೇ ಬಿಡು. ಬೆಳಿಗ್ಗೆ ನಿಮ್ಮಕ್ಕ ಹೇಳ್ತಿದ್ಲು..."

ಭಾವಮೈದ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ನೋಟಿನ ಕಟ್ಟನ್ನು ಒಳಕ್ಕೆ ತಳ್ಳಿ, ಜೇಬಿನ ಗುಂಡಿ ಹಾಕಿಕೊಂಡ.

"ಛೆ ಛೆ, ನಿಮ್ಮ ಜೀವದ ಕಾರು. ಮಾರಬೇಡಿ ಭಾವ. ಮುಂದಿನ ವರ್ಷಾನೂ ಇದೇ ಕಂಪನೀಲೇ ಕಟ್ಟಿ. ನಿಮಗೆ ತುಂಬಾ ಅಗ್ಗ ಬೀಳುತ್ತೆ."