ನಾಗಣ್ಣನ ಗಲ್ಲದ ವೈರಸ್

ನಾಗಣ್ಣ: ಇದು ತಂಬಾಕಿಂದಲ್ಲ, ವೈರಸ್ಸಿಂದು ಅಂತ ಎಷ್ಟ ಸಲ ಹೇಳ್ಬೇಕು ನಿನಗ? ಡಾಕ್ಟರಮ್ಮ ತನ್ನ ಬಾಯಿಲೇ ಹೇಳ್ಯಾಳ!

ದೇವಕ್ಕ: ನಾನೂ ಬಾಜೂಕ ಕುಂತಿದ್ನಿ. ‘ಬಾಯಿ ಕ್ಯಾನ್ಸರ್‌ದಾಗ ವೈರಸ್ ಪಾಲೂ ಇರಬಹುದು, ಇನ್ನಾ ಹುಡುಕಾಕತ್ತಾರ. ತಂಬಾಕು ಮಾತ್ರ ಖಾತ್ರಿ’ ಅಂದ್ರು. ನೀವು ಅರ್ಧ ಮಾತು ಕೇಳಿ ಚಪ್ಪಲಿ ಹುಡುಕಾಕ ಎದ್ರಿ.

ಶಹಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನಾಗಣ್ಣನ ಎಡಗಲ್ಲದ ಒಳಗೆ ಹುಣಸೆಬೀಜದಗಲದ ಬಿಳಿ ಕಲೆಯೊಂದು ಎದ್ದಿತ್ತು. ಅದರ ತುಣುಕು ತೆಗೆಸಿ ಪರೀಕ್ಷೆ ಮಾಡಿಸಲು ಡಾಕ್ಟರಮ್ಮ ಕಲಬುರಗಿಗೆ ಬರೆದುಕೊಟ್ಟ ಚೀಟಿ ಹದಿನೈದು ದಿನದಿಂದ ತಕ್ಕಡಿಯ ಕಲ್ಲಿನ ಕೆಳಗೆ ಮಲಗಿತ್ತು. ಆ ಗಲ್ಲದಲ್ಲಿ ಮೂವತ್ತು ವರ್ಷದಿಂದ ತಂಬಾಕು ಬಿಡಾರ ಹೂಡಿದ್ದರೂ ನಾಗಣ್ಣನಿಗೆ ಅದರ ಮೇಲೆ ಎಳ್ಳಷ್ಟೂ ಗುಮಾನಿ ಬಂದಿರಲಿಲ್ಲ. ಹಳೆಯ ಗಿರಾಕಿಯನ್ನು ಶಂಕಿಸುವ ವ್ಯಾಪಾರಿ ಅವನಲ್ಲ.

ದೇವಕ್ಕ: ‘ಮೊಳಕಿ ಬರಬಹುದು’ ಅಂತ ಹೇಳಿ ಬೀಜ ಮಾರ್ತೀರೇನು ನೀವು?

ನಾಗಣ್ಣ: ಹಂಗಂದ್ರ ರೈತ ಚೀಲ ನನ್ನ ತಲಿ ಮ್ಯಾಲೇ ಸುರೀತಾನ.

ದೇವಕ್ಕ: ಮತ್ತ ಡಾಕ್ಟರಮ್ಮನ ‘ಇರಬಹುದು’ ಹ್ಯಾಂಗ ಕೊಂಡ್ರಿ?

ನಾಗಣ್ಣ: ಓದಿದ ಮಂದಿ ಹಂಗೇ ಮಾತಾಡ್ತದ. ವೈರಸ್ ಅಂದ್ರ ವೈರಸ್. ಮುಗೀತು!

ಹೆಂಡತಿ ದೇವಕ್ಕ ಸುಮ್ಮನೆ ಒಳಗೆ ಹೋದಳು. ಗಿರಾಕಿ ಸುಮ್ಮನಾದರೆ ಮಾಲು ಒಪ್ಪಿದಂತೆ ಎಂಬುದು ನಾಗಣ್ಣನ ಅನುಭವ. ಗೆದ್ದ ಖುಷಿಯಲ್ಲಿ ಅವನು ಎರಡು ಬಾಯಿಯ ಡಬ್ಬಿ ತೆಗೆದು, ಒಂದು ಕಡೆಯಿಂದ ತಂಬಾಕು, ಇನ್ನೊಂದು ಕಡೆಯಿಂದ ಸುಣ್ಣ ಅಂಗೈಗೆ ಹಾಕಿಕೊಂಡು ತಿಕ್ಕತೊಡಗಿದ. ಅಷ್ಟರಲ್ಲಿ ದೇವಕ್ಕ ಅವನ ತಾಟು, ಲೋಟ, ಒಂದು ಬಟ್ಟೆಯ ಗಂಟು ತಂದು ಅಂಗಡಿಯ ಹೊರಗಿನ ಕಟ್ಟೆಯ ಮೇಲಿಟ್ಟಳು.

ನಾಗಣ್ಣ: ಏನಿದು?

ದೇವಕ್ಕ: ನಿನ್ನಿ ಸಗರದ ರೈತ ಮುರುಟಿದ ಮೆಣಸಿನ ಗಿಡ ತಂದಾಗ ಏನಂದ್ರಿ?

ನಾಗಣ್ಣ: ‘ವೈರಸ್ ಬಡದದ. ಕಿತ್ತು ದೂರ ಒಗಿ, ಇಲ್ಲಾಂದ್ರ ಹೊಲಕ್ಕೆಲ್ಲಾ ಹತ್ತತದ’ ಅಂದೆ.

ದೇವಕ್ಕ: ನಾ ಅಷ್ಟು ದೂರ ಒಗದಿಲ್ಲ. ಕಟ್ಟಿ ಮ್ಯಾಲ ಇಟ್ಟೀನಿ.

ನಾಗಣ್ಣ: ನಾ ಏನು ಮೆಣಸಿನ ಗಿಡ ಏನು?

ದೇವಕ್ಕ: ಖಾರ ಅಂತೂ ಅದ.

ಆಗಲೇ ಪಂಪ್‌ಸೆಟ್ ರಿಪೇರಿಯ ಖಾಜಾಹುಸೇನ ಎಂದಿನಂತೆ ಕೈ ಚಾಚಿಕೊಂಡೇ ಬಂದ. ಇಪ್ಪತ್ತು ವರ್ಷದಿಂದ ಅವನು ಸ್ವಂತ ಡಬ್ಬಿ ಇಟ್ಟವನಲ್ಲ. ನಾಗಣ್ಣ ತಿಕ್ಕಿದ್ದರಲ್ಲಿ ಅರ್ಧ ಅವನದು.

ಖಾಜಾಹುಸೇನ: ಯಾಕ ವೈನಿ, ಸಾಮಾನೆಲ್ಲ ಹೊರಗ?

ದೇವಕ್ಕ: ಅವರ ಬಾಯಾಗ ವೈರಸ್ ಅದಂತ, ಖಾಜಾಭಾಯಿ. ಅವರೇ ಹೇಳಾಕತ್ತಾರ.

ಚಾಚಿದ ಕೈ ಅರ್ಧದಿಂದಲೇ ತಿರುಗಿ, ತಲೆ ಕೆರೆಯಲೆಂದೇ ಹೊರಟಿತ್ತೇನೋ ಎಂಬಂತೆ ತಲೆ ಕೆರೆಯಿತು.

ನಾಗಣ್ಣ: ತಗೋ ಖಾಜಾ.

ಖಾಜಾಹುಸೇನ: ಇವತ್ತ ಬ್ಯಾಡ. ಹೊಟ್ಟಿ ಬರೋಬರ್ ಇಲ್ಲ.

ನಾಗಣ್ಣ: ತಂಬಾಕು ಹೊಟ್ಟಿಗಿ ಯಾವಾಗ ತಿಂದಿ?

ಖಾಜಾಹುಸೇನ: ನೋಡು ನಾಗಣ್ಣ, ಕರೋನಾದಾಗ ಕ್ವಾರಂಟೈನ್ ಅಂತ ಸಾಲ್ಯಾಗ ಕೂಡಿಹಾಕಿ ಹದಿನಾಲ್ಕು ದಿನ ಉಪ್ಪಿಟ್ಟು ತಿನಿಸ್ಯಾರ ನನಗ. ಇವತ್ತಿಗೂ ವೈರಸ್ ಅಂದ್ರ ಉಪ್ಪಿಟ್ಟಿನ ವಾಸನಿ ಬರ್ತದ.

ಹೇಳುತ್ತಲೇ ಅವನು ಮೂರು ಹೆಜ್ಜೆ ಹಿಂದೆ ಸರಿದು, ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೇರಿಸಿದ. ನಾಗಣ್ಣ ಅಂಗೈ ನೋಡಿಕೊಂಡ. ಇಬ್ಬರ ಪಾಲಿನ ತಂಬಾಕು ಒಬ್ಬನ ಕೈಯಲ್ಲಿ ಉಳಿದಿತ್ತು. ಒಂದು ಕಡೆ ಹೆಂಡತಿ, ಒಂದು ಕಡೆ ದೋಸ್ತ, ನಡುವೆ ತಾನು ಮತ್ತು ತನ್ನ ತಾಟು.

ನಾಗಣ್ಣ: ಏ, ವೈರಸ್ಸೂ ಇಲ್ಲ, ಮಣ್ಣೂ ಇಲ್ಲ! ಮೂವತ್ತು ವರ್ಷ ತಂಬಾಕು ತಿಂದು ಬಂದ ಬಿಳಿ ಕಲಿ ಅದು. ನಮ್ಮಪ್ಪನ ಆಣಿ!

ದೇವಕ್ಕ: ಕೇಳಿದ್ರಿಲ್ಲ ಖಾಜಾಭಾಯಿ? ನೀವೇ ಸಾಕ್ಷಿ.

ತಕ್ಕಡಿಯ ಕಲ್ಲು ಸರಿಸಿ ಅವಳು ಚೀಟಿ ತೆಗೆದುಕೊಂಡಳು. ಗಂಟು ಬಿಚ್ಚಿದಳು. ಅದರಲ್ಲಿ ಇಸ್ತ್ರಿ ಮಾಡಿದ ಅಂಗಿ, ಟವೆಲ್ಲು, ನಾಲ್ಕು ರೊಟ್ಟಿ, ಶೇಂಗಾ ಚಟ್ನಿ.

ದೇವಕ್ಕ: ಹತ್ತು ಗಂಟೇದ ಬಸ್ಸಿಗಿ ಕಲಬುರಗಿ. ಅಂಗಿ ಹಾಕ್ಕೋರಿ.

ನಾಗಣ್ಣ: ಅಂದ್ರ ಹತ್ತತದ ಅಂತ ಹೊರಗ ಇಟ್ಟಿದ್ದಲ್ಲ?

ದೇವಕ್ಕ: ತಾಟು ಮುಟ್ಟಿದ್ರ ಕ್ಯಾನ್ಸರ್ ಹತ್ತಂಗಿಲ್ಲ ಅಂತ ಡಾಕ್ಟರಮ್ಮ ಅವತ್ತೇ ಹೇಳ್ಯಾರ. ಆಗ ನಿಮಗ ಒಂದು ಚಪ್ಪಲಿ ಸಿಕ್ಕಿತ್ತು, ಇನ್ನೊಂದು ಹುಡುಕಾಕತ್ತಿದ್ರಿ.

ನಾಗಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತ. ಒಂದು ಗುಂಡಿ ತಪ್ಪಿತು.

ನಾಗಣ್ಣ: ದೇವಕ್ಕ... ಟೆಸ್ಟಿನಾಗ ಅದೇ ಅಂತ ಬಂದ್ರ?

ದೇವಕ್ಕ: ಒಂದು ಗಿಡಕ್ಕ ಬಡದಾಗಲೇ ಕಿತ್ರ ಹೊಲ ಉಳೀತದ. ಇದೂ ನೀವು ಮಾರೋ ಮಾತೇ. ತರ್ರಿ ಇಲ್ಲಿ ಡಬ್ಬಿ.

ಗುಂಡಿಯನ್ನು ಅವಳೇ ಸರಿ ಮಾಡಿದಳು. ಡಬ್ಬಿ ಕೈಬದಲಾಯಿತು. ಅಂಗೈಯಲ್ಲಿದ್ದ ತಂಬಾಕನ್ನು ನಾಗಣ್ಣ ಚರಂಡಿಗೆ ಕೊಡವಿದ. ಖಾಜಾಹುಸೇನ ಸದ್ದಿಲ್ಲದೆ ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದ.

ದೇವಕ್ಕ: ನಿಲ್ರಿ ಖಾಜಾಭಾಯಿ. ಇಪ್ಪತ್ತು ವರ್ಷ ಅರ್ಧ ಪಾಲು ತಿಂದೀರಿ. ಬಸ್ಸಿನಾಗ ಮೂರು ಮಂದಿ ಸೀಟು ಇರ್ತಾವ. ಬಾಯಿ ತೆಗೀರಿ ನೋಡೂನು.

ಖಾಜಾಹುಸೇನ (ವಸ್ತ್ರವನ್ನು ಬಾಯಿಗೆ ಇನ್ನಷ್ಟು ಬಿಗಿ ಮಾಡುತ್ತ): ನಂದು... ನಂದು ವೈರಸ್ ಇರಬಹುದು, ವೈನಿ!